ಬಂದಿ ಅಂದಳೋ, ಬಂದ್ರಿ ಅಂದಳೋ

ಎಪ್ಪತ್ತಾರರ ಸಂಕ್ರಾಂತಿ ಮುಗಿದ ಎರಡನೆಯ ದಿನ ಮುಂಜಾನೆ ಆರೂವರೆಗೆ ನಾನೂ ನಮ್ಮ ಅತ್ತೆಯವರೂ ಕಿತ್ತೂರಿನಲ್ಲಿ ಬೈಲಹೊಂಗಲದ ಬಸ್ಸು ಹತ್ತಿದೆವು. ನಾನೊಬ್ಬಳೇ ಹೋಗಿಬರುವುದೆಂದು ಠರಾವಾಗಿತ್ತು. ಅತ್ತೆ ಮಾತ್ರ ಹಿಂದಿನ ದಿನವೇ ರೊಟ್ಟಿ ಕಟ್ಟಿಟ್ಟು, "ನಾನೂ ಬರತೇನಿ. ನೀ ಒಬ್ಬಾಕಿ ಹೋಗಿ ಬಂದು ನನಗ ಸುಳ್ಳ ಹೇಳಿದ್ರ ಏನ್ ಮಾಡ್ಲಿ?" ಎಂದುಬಿಟ್ಟರು. ಅವರ ಮುಂದೆ ವಾದ ಹೂಡುವುದೆಂದರೆ ಗೋಡೆಗೆ ಹಣೆ ಜಜ್ಜಿಕೊಂಡ ಹಾಗೆ.

ಹೊರಟದ್ದು ರಾಮದುರ್ಗದ ಆಚೆಯ ಸುರೇಬಾನಕ್ಕೆ. ಕಾರಣ ಒಂದು ಹಳೆಯ ರಷ್ಯನ್ ಕಾದಂಬರಿ. ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ದಿನಾ ಸಂಜೆ ಕೂತು, ಎರಡು ವರ್ಷದಿಂದ ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೆ. ಓದು ಬಾರದ ಅತ್ತೆಗೆ ಒಂದೊಂದೇ ಅಧ್ಯಾಯ ಓದಿ ಹೇಳುತ್ತಿದ್ದೆ. ಮೊಣಕಾಲುದ್ದ ಹಿಮ, ಮನೆತನ ಹಾಳುಮಾಡಿಕೊಂಡ ಜಮೀನುದಾರರು, ಒಂದು ತಪ್ಪಿಗೆ ವರ್ಷಗಟ್ಟಲೆ ಮರುಗುವ ಗಂಡಸರು, ಎಲ್ಲವೂ ಅವರಿಗೆ ಮೆಚ್ಚಿಕೆ. ನಾನೇ ತಲೆ ಕೆಡಿಸಿಕೊಂಡಿದ್ದ ಉದ್ದುದ್ದ ಹೆಸರುಗಳೂ ಅವರಿಗೆ ತೊಡಕೆನಿಸಲಿಲ್ಲ. "ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನಮ್ಮಂಗ ಐತಲ್ಲ!" ಎಂದಿದ್ದರು.

ತೊಡಕಾದದ್ದು ಕೊನೆಯ ಪುಟ. ಊರು ಬಿಟ್ಟು ಹೋದ ಜಮೀನುದಾರನ ಮಗ ಹನ್ನೆರಡು ವರ್ಷಕ್ಕೆ ತಿರುಗಿ ಬರುತ್ತಾನೆ. ಅವನನ್ನು ಒಲ್ಲೆನೆಂದಿದ್ದ ಸಾಲೆಯ ಶಿಕ್ಷಕಿ ರೈಲು ನಿಲ್ದಾಣದಲ್ಲಿ ಅವನೆದುರು ನಿಂತು ಒಂದೇ ಮಾತು ಆಡುತ್ತಾಳೆ, ಕಥೆ ಮುಗಿಯುತ್ತದೆ. ನಾನು ಓದಿ ನಿಲ್ಲಿಸಿದೊಡನೆ ಅತ್ತೆ ಕೇಳಿದರು, "ಬಂದಿ ಅಂದ್ಲೋ, ಬಂದ್ರಿ ಅಂದ್ಲೋ?"

ಇಂಗ್ಲಿಷಿನಲ್ಲಿ ನೀನು ಬಂದೆ, ನೀವು ಬಂದಿರಿ ಎರಡಕ್ಕೂ ಒಂದೇ ಮಾತು. ಬಂದ್ರಿ ಎಂದಿದ್ದರೆ ಅದು ಬೀಗರಿಗೆ ಮಾಡುವ ನಮಸ್ಕಾರ, ಬಂದಿ ಎಂದಿದ್ದರೆ ಅವನನ್ನು ಒಪ್ಪಿಕೊಂಡ ಹಾಗೆ. ಇದು ತಿಳಿಯದೆ ಅಚ್ಚಿಗೆ ಕೊಟ್ಟರೆ ಒಬ್ಬ ಹೆಣ್ಣುಮಗಳ ಬಾಳಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆಂದು ನನಗೆ ಕಳವಳ ಹತ್ತಿಕೊಂಡಿತು. ಧಾರವಾಡದಲ್ಲಿ ಮೂಲ ರಷ್ಯನ್ ಪುಸ್ತಕವೇನೋ ಸಿಕ್ಕಿತು, ಓದುವವರು ಸಿಗಲಿಲ್ಲ. ಕೊನೆಗೆ ನಮ್ಮ ಸಾಲೆಯ ಮಾಸ್ತರರೊಬ್ಬರು, "ನಮ್ಮ ಸುರೇಬಾನದಾಗ ಪರಸಪ್ಪ ಅಂತ ಒಬ್ಬಾಂವ ಅದಾನ. ಉತ್ತರದ ಕಡೆ ಉಕ್ಕಿನ ಕಾರಖಾನ್ಯಾಗ ಫಿಟ್ಟರ್ ಇದ್ದ. ರಷ್ಯಾದ ಇಂಜಿನಿಯರ್ ಮಂದಿ ಜೋಡಿ ಹತ್ತು ವರ್ಷ ದುಡದಾನ" ಎಂದರು.

ಬೈಲಹೊಂಗಲದಲ್ಲಿ ಹತ್ತಿ ಹೇರಿದ ಗಾಡಿಗಳು ಬಸ್ ನಿಲ್ದಾಣದವರೆಗೂ ಸಾಲುಹಿಡಿದಿದ್ದವು. ಚಹಾ ಕುಡಿದು ಸವದತ್ತಿಯ ಬಸ್ಸು ಹಿಡಿದೆವು. ಚಳಿ ಇನ್ನೂ ಇಳಿದಿರಲಿಲ್ಲ, ಬಿಳಿಜೋಳದ ತೆನೆಗಳು ಹಾಲು ತುಂಬಿ ನಿಂತಿದ್ದವು. ಸವದತ್ತಿಯಲ್ಲಿ ಇಳಿದೊಡನೆ ಅತ್ತೆ ಗುಡ್ಡದ ಕಡೆ ಮುಖ ಮಾಡಿ ಜೋರಾಗಿಯೇ ಬೇಡಿಕೊಂಡರು. "ಎಲ್ಲವ್ವ ತಾಯೀ, ಆ ಹುಡುಗಿ ಅವನ್ನ ಒಪ್ಪಿಕೊಂಡಿರ್ಲಿ!"

ಪಕ್ಕದಲ್ಲಿದ್ದ ಕಂಡಕ್ಟರ್, "ಯಾರ ಲಗ್ನಾರಿ ಅವ್ವಾರ?" ಎಂದ.

"ರಷ್ಯಾದಾಕಿದು" ಎಂದರು ಅತ್ತೆ.

ರಾಮದುರ್ಗದ ಬಸ್ಸಿನಲ್ಲಿ ಕೂತಾಗ ಮಲಪ್ರಭೆಯ ಹೊಸ ಕಟ್ಟೆಯ ನೀರು ದೂರದಲ್ಲಿ ಹೊಳೆಯುತ್ತಿತ್ತು. ಅದನ್ನೇ ನೋಡುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ, "ನಿಮ್ಮ ಮಾವಗ ನಾ ಕಡೀತನಕಾ ನೀವು ಅಂತನ ಅಂದೆ. ಒಮ್ಮೆರೆ ನೀ ಅನಬೇಕಂತ ಭಾಳ ಇತ್ತು ನೋಡು. ಬಾಯಿ ಬರಲಿಲ್ಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ರಾಮದುರ್ಗದ ನಿಲ್ದಾಣದಲ್ಲಿ ಮಗ್ಗಗಳ ಸದ್ದು ಕೇಳುತ್ತ ರೊಟ್ಟಿ, ಶೇಂಗಾ ಚಟ್ನಿ ತಿಂದು, ಇನ್ನೊಂದು ಬಸ್ಸು ಹಿಡಿದು ಎರಡು ಗಂಟೆಗೆ ಸುರೇಬಾನ ಸೇರಿದೆವು.

ಪರಸಪ್ಪನವರ ಮನೆ ಊರಾಚೆಯ ಕೇರಿಯಲ್ಲಿತ್ತು. ಅರವತ್ತರ ಆಸುಪಾಸಿನ ಮನುಷ್ಯ, ಮೂಗಿನ ಮೇಲೆ ದಪ್ಪ ಚಾಳೀಸು. "ಒಳಗ ಬರ್ರಿ ಬಾಯಾರ" ಎಂದರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ನಾನು ಒಳಗೆ ಹೋದೆ. ಅತ್ತೆ ಕೇರಿಯನ್ನೂ ಮನೆಯನ್ನೂ ಒಮ್ಮೆ ನೋಡಿ ಹೊರಗಿನ ಕಟ್ಟೆಯ ಮೇಲೆಯೇ ಕೂತರು. ಅಲ್ಲಿಂದಲೇ, "ನೀ ಏನಪಾ, ರಷ್ಯಾದ ಮಾತ ಕಲ್ತಾಂವ?" ಎಂದರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

"ಹೌದ್ರಿ ಅವ್ವಾರ, ನಾನ" ಎಂದರು ಪರಸಪ್ಪನವರು. ಎಷ್ಟೋ ವರ್ಷಗಳಿಂದ ಇಂಥ 'ನೀ' ಕೇಳಿ ರೂಢಿಯಾದವರ ದನಿ ಅದು.

ಕೈಬರಹದ ಮೊದಲ ಹಾಳೆಗಳನ್ನು ಮೂಲದ ಜೊತೆ ಹಿಡಿದು ನೋಡುತ್ತಲೇ ಅವರು ನಗಲಾರಂಭಿಸಿದರು. "ಇದೇನ್ರಿ ಬಾಯಾರ, ಗೌಡ ತನ್ನ ಗಾಡಿ ಹೊಡಿಯಾಂವಗ ನೀವು ಅಂತಾನ!"

"ಎಲ್ಲಾರಿಗೂ ಮರ್ಯಾದಿ ಇರ್ಲಿ ಅಂತ ಬರದೇನ್ರಿ."

"ಮರ್ಯಾದಿ ನೀವು ಕೊಟ್ಟೀರಿ, ಅಂವ ಕೊಟ್ಟಿಲ್ಲ. ಇಲ್ಲಿ ನೋಡ್ರಿ, 'ತೀ' ಅಂತ ಐತಿ, ಅಂದ್ರ ನೀ. 'ವಿ' ಅಂದ್ರ ನೀವು. ಗೌಡ ಅನ್ನೂದು ತೀ, ಆಳ ತಿರುಗಿ ಅನ್ನೂದು ವಿ. ಥೇಟ್ ನಮ್ಮೂರ." ಚಾಳೀಸು ತೆಗೆದು ಒರಸುತ್ತ ಮುಂದುವರಿಸಿದರು. "ಕಾರಖಾನ್ಯಾಗ ಮೊದಲನೇ ದಿನಾ ಅವರ ದೊಡ್ಡ ಇಂಜಿನಿಯರ್, ನಿಮ್ಮ ತಂದಿ ಹೆಸರೇನು ಅಂತ ಕೇಳಿದ್ರು. ಯಮನಪ್ಪ ಅಂದೆ. ಅವತ್ತಿಂದ ಪರಸಪ್ಪ ಯಮನಪ್ಪ ಅಂತ ಕೂಡಿಸಿ ಕರದು, ವಿ ಅಂತನ ಮಾತಾಡಿದ್ರು. ನಮ್ಮಪ್ಪಗ ಈ ಊರಾಗ 'ಲೇ' ಬಿಟ್ಟರ ಹೆಸರ ಇರಲಿಲ್ರಿ. ಮಶೀನ್ ಹಿಂದ ಹೋಗಿ ಕಣ್ಣ ಒರಸಿಕೊಂಡೆ."

ತಲೆಯೆತ್ತಿದಾಗ ಅತ್ತೆ ಹೊಸ್ತಿಲ ಬಳಿ ನಿಂತಿದ್ದರು. "ಕಟ್ಟಿ ಮ್ಯಾಲ ಏನೂ ಕೇಳಸವಲ್ದು" ಎಂದು ಗೊಣಗುತ್ತ ಒಳಗೆ ಬಂದು ಚಾಪೆಯ ಮೇಲೆ ಕೂತರು. ಪರಸಪ್ಪನವರ ಹೆಂಡತಿ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ತಂದಿಟ್ಟರು. ಅತ್ತೆ ಲೋಟವನ್ನೇ ನೋಡಿದರು, ನಾನು ಅತ್ತೆಯನ್ನೇ ನೋಡಿದೆ. ಅವರು ಎತ್ತಿ ಒಂದು ಗುಟುಕು ಕುಡಿದರು. "ಕಹಿ ಐತಿ. ಸಕ್ಕರಿ ತಾರವಾ" ಎಂದರು.

ಪರಸಪ್ಪನವರು ಕೊನೆಯ ಪುಟ ತೆಗೆದು ಅಕ್ಷರಗಳ ಕೆಳಗೆ ಬೆರಳು ಸರಿಸಿದರು. ತಡೆದರು. ಹಿಂದಿನ ಹತ್ತಾರು ಪುಟ ತಿರುವಿ ನೋಡಿದರು. "ಪುಸ್ತಕದ ತುಂಬ ಈಕಿ ಅವಗ ವಿ ಅಂತಾಳ್ರಿ, ಸಿಟ್ಟು ಬಂದಾಗೂ ವಿ..."

"ಕಡೀಕ?" ಅತ್ತೆ ಮುಂದಕ್ಕೆ ಬಾಗಿದ್ದರು.

"ಕಡೀಕ ತೀ. ಬಂದಿ ಅಂದಾಳ್ರಿ ಅವ್ವಾರ, ಬಂದಿ!"

"ನಾ ಹೇಳಿರಲಿಲ್ಲೇನ!" ಎಂದು ಅತ್ತೆ ನನ್ನ ತೊಡೆಗೆ ಬಾರಿಸಿ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರಸಿಕೊಂಡರು. ನನ್ನ ಎರಡು ವರ್ಷದ ಭಾರ ಇಳಿಯಿತು. ಗೌಡನ ಮಾತುಗಳನ್ನೆಲ್ಲ ತಿದ್ದುವುದಿತ್ತು, ಆ ಕೆಲಸ ಖುಷಿಯಿಂದಲೇ ಮಾಡುವವಳಿದ್ದೆ.

ಐದು ಗಂಟೆಯ ಬಸ್ಸಿಗೆ ಪರಸಪ್ಪನವರು ನಮ್ಮ ಚೀಲ ಹಿಡಿದು ಬಂದರು. ಬಸ್ಸು ಗುರುಗುಟ್ಟತೊಡಗಿದಾಗ ಅತ್ತೆ ಕಿಟಕಿಯಿಂದ ಮುಖ ಹಾಕಿ, "ಪುಸ್ತಕ ಅಚ್ಚಾದ ಮ್ಯಾಲ ಕಿತ್ತೂರಿಗೆ ಬರ್ರಿ, ನಮ್ಮ ಮನ್ಯಾಗ ಉಣ್ಣಾಕ ಬರ್ರಿ" ಎಂದರು. ಪರಸಪ್ಪನವರು ಕಿವಿಗೆ ಕೈ ಹಚ್ಚಿದರು. ನಿಜವಾಗಿ ಕೇಳಿಸಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತೋ, ನನಗೆ ಗೊತ್ತಿಲ್ಲ. ಬಸ್ಸು ಹೊರಟಿತು. ಅತ್ತೆ ಅರ್ಧ ಮೈ ಹೊರಗೆ ಚಾಚಿ, ಇಡೀ ಸುರೇಬಾನಕ್ಕೆ ಕೇಳುವಂತೆ ಕೂಗಿದರು:

"ಪರಸಪ್ಪ ಯಮನಪ್ಪನವರ, ಬರ್ರಿ! ನೀವು ಬರ್ರಿ!"