ಓನರ್ ಆಂಟಿಯ ಸಂಡಿಗೆ, ನನ್ನ ರಿಫ್ಲೆಕ್ಟರ್

ಫ್ರೆಂಡ್ಸ್, ಈ ವರ್ಷ ಕೊಂಡ ಕ್ಯಾಮೆರಾ ಸಾಮಾನುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದೆಂದು ಇವತ್ತು ಗೊತ್ತಾಯಿತು. ಲೆನ್ಸ್ ಅಲ್ಲ, ಟ್ರೈಪಾಡೂ ಅಲ್ಲ. ಮುಖಕ್ಕೆ ಬೆಳಕು ಬೀಳಿಸುವ ಬೆಳ್ಳಿ ಬಣ್ಣದ ದುಂಡನೆಯ ರಿಫ್ಲೆಕ್ಟರ್. ಹತ್ತು ಗಂಟೆಗೆ ಕಾಲೇಜಿನ ಫೋಟೋ ಕ್ಲಬ್ ಸೆಲೆಕ್ಷನ್. ಟೆನ್ಷನ್‌ನಲ್ಲಿ ಹುಡುಕಿದರೆ ಅದು ನಮ್ಮ ಬಾಗಲಗುಂಟೆ ಪಿಜಿಯ ತಾರಸಿಯಲ್ಲಿ ಮೈತುಂಬ ಓನರ್ ಆಂಟಿಯ ಸಂಡಿಗೆ ಹೊತ್ತು ಮಲಗಿತ್ತು.

“ಆಂಟಿ, ಸಾರಿ, ಅದು ನಂದು... ಇವತ್ತು ಸೆಲೆಕ್ಷನ್ ಇದೆ.”

“ಇನ್ನೂ ಹಸಿ ಐತೆ ಕಣೋ, ಈಗ ಎತ್ತಿದ್ರೆ ಎಲ್ಲಾ ಹಾಳಾಗೋಯ್ತದೆ. ಸೀರೆ ಮೇಲೆ ಎರಡು ದಿನ ಬೇಕು, ಇದ್ರ ಮೇಲೆ ಒಂದೇ ದಿನಕ್ಕೆ ಗರಿಗರಿ! ಇನ್ನೊಂದು ತಂದ್ಬುಡು, ಪಕ್ಕದ್ಮನೆಯೋರೂ ಕೇಳ್ತಾವ್ರೆ.”

ನಾನು ಬಿಳಿ ಬೆಡ್‌ಶೀಟ್ ಮಡಚಿಕೊಂಡು ಓಡಿದೆ. ಅದರಲ್ಲೇ ಬೆಳಕು ಬೀಳಿಸಿ ಫೋಟೋ ತೆಗೆದೆ, ಸೆಲೆಕ್ಟೂ ಆದೆ. ಆಂಟಿಗೆ ಮಾತ್ರ ಹೇಳಿಲ್ಲ. ಫೋಟೋಗೆ ನನಗೆ ಬೆಡ್‌ಶೀಟೇ ಸಾಕೆಂದು ಗೊತ್ತಾದರೆ ರಿಫ್ಲೆಕ್ಟರ್ ಇನ್ನು ನನ್ನ ರೂಮಿಗೆ ಬರುವುದಿಲ್ಲ.