ವೆಂಕಟಾಚಲನ ಮೌನವ್ರತ

ತರಗುಪೇಟೆಯ ಬೇಳೆಮಂಡಿಯಲ್ಲಿ ವೆಂಕಟಾಚಲ ಬಾಯಿ ತೆರೆದನೆಂದರೆ ಎದುರು ಸಾಲಿನ ಹಮಾಲರೂ ಇತ್ತ ತಿರುಗುತ್ತಿದ್ದರು. ಗುಮಾಸ್ತನ ಕೆಲಸ ಅವನದು. ಆದರೆ ಕೂತು ಬರೆದದ್ದಕ್ಕಿಂತ ನಿಂತು ಕೂಗಿದ್ದೇ ಹೆಚ್ಚು. ಲಾರಿ ಬಂತು, ತೊಗರಿ ಇಳಿಸಿ, ಆ ಮೂಟೆ ನೆಂದಿದೆ ಬದಿಗಿಡಿ, ಯಾರಪ್ಪ ಅದು ದಾರಿಗಡ್ಡ ಗಾಡಿ ನಿಲ್ಲಿಸಿದವನು, ಬೆಳಗಿನಿಂದ ಸಂಜೆವರೆಗೂ ಇದೇ. ಗವಿಪುರಂನ ಮನೆಗೆ ಬಂದ ಮೇಲೂ ದನಿ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಬೀದಿಗೆಲ್ಲ ಕೇಳಬೇಕು. ಮದುವೆಯಾದ ಹೊಸದರಲ್ಲಿ ಹೆಂಡತಿ ಗೋದಾ ಇದನ್ನು ಸಿಟ್ಟು ಅಂದುಕೊಂಡು ಅತ್ತದ್ದುಂಟು. ಆಮೇಲೆ ಅವಳೂ ಜೋರಾಗಿ ಮಾತಾಡಲು ಕಲಿತಳು.

ಅಂಥವನ ಗಂಟಲಿಗೇ ಬರಬೇಕೆ ಕ್ಯಾನ್ಸರು! ಬೀಡಿ ಮುಟ್ಟಿದವನಲ್ಲ, ಹೊಗೆಸೊಪ್ಪು ಹಾಕಿದವನಲ್ಲ. ಯಾಕೆ ಬಂತು ಅಂದರೆ ಡಾಕ್ಟರ ಹತ್ತಿರವೂ ಉತ್ತರವಿರಲಿಲ್ಲ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು, ತೆಗೆದರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಅದರ ಮೇಲೆ ಸದಾ ಒಂದು ತೆಳು ಬಟ್ಟೆ.

ಮನೆಯಲ್ಲಿ ತಾಯಿ ಸುಂದರಮ್ಮ. ವಯಸ್ಸು ತೊಂಬತ್ತರ ಹತ್ತಿರ, ಎರಡೂ ಕಣ್ಣು ಹೋಗಿ ಎಷ್ಟೋ ವರ್ಷ. ನಮ್ಮ ಮನೆಗಳಲ್ಲಿ ಒಂದು ಕೆಟ್ಟ ಚಾಳಿ ಇದೆ: ವಯಸ್ಸಾದವರಿಗೆ ನಿಜ ಹೇಳುವುದಿಲ್ಲ. ಎದೆ ಒಡೆದುಕೊಂಡಾರು ಅನ್ನುತ್ತೇವೆ. ಅಸಲಿಗೆ ಅವರ ಎದುರು ಕೂತು ಹೇಳುವ ಧೈರ್ಯ ನಮಗಿರುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನೆಂಟರೆಲ್ಲ ಸೇರಿ ಇದನ್ನೇ ಮಾತಾಡಿದರು. ಇನ್ನು ಇವನು ಮಾತೇ ಆಡುವುದಿಲ್ಲವಲ್ಲ, ಅದಕ್ಕೇನು ಹೇಳುವುದು? ದಾಯಾದಿ ಲಕ್ಷ್ಮೀಶನಿಗೆ ಉಪಾಯ ಹೊಳೆಯಿತು.

"ಹೆಂಗೂ ಚಾತುರ್ಮಾಸ್ಯ ಶುರುವಾಯ್ತು. ಮೌನವ್ರತ ಹಿಡಿದಿದಾನೆ ಅಂದ್ಬಿಡಿ."

ಎಲ್ಲರಿಗೂ ಎಷ್ಟು ನಿರಾಳವಾಯಿತೆಂದರೆ ಆಗಲೇ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದರು. ಸುಂದರಮ್ಮನಿಗೂ ಮೊದಮೊದಲು ಹೆಮ್ಮೆಯೇ. ಬಂದವರಿಗೆಲ್ಲ ಮಗನ ವ್ರತದ ಸುದ್ದಿ ಹೇಳಿದ್ದೇ ಹೇಳಿದ್ದು. ಆದರೆ ದೀಪಾವಳಿ ಹೋಯಿತು, ಚಾತುರ್ಮಾಸ್ಯವೂ ಮುಗಿಯಿತು, ಮಗ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಬಂದು ಕೂರುತ್ತಾನೆ, ಕಾಲು ಒತ್ತುತ್ತಾನೆ, ಒಂದು 'ಅಮ್ಮಾ' ಇಲ್ಲ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಗ್ಯಾಸಿನವನ ಮೇಲೆ ಅವನು ಒಡಕು ದನಿಯಲ್ಲಿ ಕೂಗಾಡುತ್ತಿದ್ದಾಗ ಅವಳು ರೇಗಿದ್ದಳು: "ಒಂದ್ ಘಳಿಗೆ ಆ ಬಾಯಿ ಮುಚ್ಚಬಾರದೇನೋ? ಕೇಳಿ ಕೇಳಿ ಸಾಕಾಗಿದೆ ನಂಗೆ." ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ದಾನೆ ಅಂತ ಮುದುಕಿ ತೀರ್ಮಾನ ಮಾಡಿಬಿಟ್ಟಳು.

ಗೋದಾ ತಡೆಯಲಾರದೆ ಒಂದು ದಿನ ನಿಜ ಹೇಳಿದಳು. "ಅವರಿಗೆ ಗಂಟಲು ಆಪರೇಷನ್ ಆಗಿದೆ ಅತ್ತೆ. ಇನ್ನು ಮಾತು ಬರಲ್ಲ."

"ಅವತ್ತು ವ್ರತ ಅಂದೆ, ಇವತ್ತು ಆಪರೇಷನ್ ಅಂತೀಯ. ನಾಳೆ ಇನ್ನೇನ್ ಕತೆ ಕಟ್ತೀಯ?" ಅಂದಳು ಸುಂದರಮ್ಮ. "ನಂಗೆ ಕಣ್ಣಿಲ್ಲ, ಬುದ್ಧಿ ಇದೆ."

ಮಗ ಅವಳ ಕೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಿದ್ದರೆ ಅವತ್ತೇ ಮುಗಿಯುತ್ತಿತ್ತು. ವೆಂಕಟಾಚಲ ಅದಕ್ಕೆ ಒಪ್ಪಲಿಲ್ಲ. ಕನ್ನಡಿಯಲ್ಲಿ ತಾನೇ ನೋಡಿಕೊಳ್ಳಲಾಗದ ಜಾಗದ ಮೇಲೆ ಹೆತ್ತವಳ ಬೆರಳು ಬೀಳುವುದು ಬೇಡ ಅಂತ ತಲೆ ಅಲ್ಲಾಡಿಸಿ ಎದ್ದುಹೋದ. ಅವನ ಪಾಲಿನ ತಪ್ಪು ಇದು. ಎಲ್ಲವನ್ನೂ ಲಕ್ಷ್ಮೀಶನ ತಲೆಗೆ ಕಟ್ಟಿದರೆ ಅನ್ಯಾಯವಾದೀತು.

ಮಹಡಿಯಲ್ಲಿ ಬಾಡಿಗೆಗಿದ್ದ ಲಾಸ್ಯಾ ಸರ್ಕಾರಿ ಕಚೇರಿಯೊಂದರ ಉದ್ಯೋಗಿ. ಟೈಪ್ ಮಾಡಿದ್ದನ್ನು ಕನ್ನಡದಲ್ಲೇ ಓದಿ ಹೇಳುವ ಪ್ರೋಗ್ರಾಂ ಇದೆ ಅಂಕಲ್ ಅಂತ ಹೇಳಿದವಳು ಅವಳೇ. ಫೋನಿನ ಪುಟ್ಟ ಅಕ್ಷರಗಳ ಮೇಲೆ ಅವನ ದಪ್ಪ ಬೆರಳು ಓಡಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಬಂತು, ಹೊಚ್ಚಹೊಸದು. ಅಷ್ಟು ಹೊಸದಾದರೂ ಏಳುವುದಕ್ಕೆ ಮುದುಕರ ಹಾಗೆ ಒದ್ದಾಡುತ್ತಿತ್ತು. ಬಟನ್ ಒತ್ತಿದರೆ ಚುಕ್ಕಿಗಳ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಆಮೇಲೆ ಒಂದಾದ ಮೇಲೊಂದು ಕಿಟಕಿ: ಆ್ಯಂಟಿವೈರಸ್ಸು ದುಡ್ಡು ಕಟ್ಟು ಅನ್ನುತ್ತದೆ, ಇನ್ನಾವುದೋ ಆಟ ಆಡು ಬಾ ಅನ್ನುತ್ತದೆ.

ಇತ್ತ ಸುಂದರಮ್ಮನ ತಲೆ ತಿಳಿಯಾಗಿರುತ್ತಿದ್ದುದು ಬೆಳಗಿನ ಕಾಫಿ ಕುಡಿದ ಮೇಲಿನ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮಂಪರು, ಸತ್ತುಹೋದ ಗಂಡನನ್ನು ಕರೆಯುವುದು, ಇಲ್ಲದ ಹಸುವಿಗೆ ಹಿಂಡಿ ಹಾಕಿದಿರಾ ಅಂತ ಕೇಳುವುದು. ಏಳುವ ಹೊತ್ತೂ ದಿನಕ್ಕೊಂದು. ಅವಳು ಎದ್ದು ಕಾಫಿ ಕುಡಿದಳೆಂದು ತಿಳಿದು ವೆಂಕಟಾಚಲ ಬಟನ್ ಒತ್ತುವನು. ಪೆಟ್ಟಿಗೆ ಮಾತಿಗೆ ಸಿದ್ಧವಾಗುವಷ್ಟರಲ್ಲಿ ಅವಳ ಕತ್ತು ವಾಲಿರುತ್ತಿತ್ತು. ಅವನಿಗೆ ಹೇಳಬೇಕಿದ್ದುದಾದರೂ ಎಷ್ಟು? ಸಿಟ್ಟಿಲ್ಲ ಅನ್ನುವುದು, ಅಷ್ಟೇ. ಅದನ್ನು ಹೇಳದೆ ಅವಳು ಹೋಗಿಬಿಟ್ಟರೆ ಅನ್ನುವ ಹೆದರಿಕೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಭಾನುವಾರ ಲಾಸ್ಯಾ ಕೆಳಗಿಳಿದು ಬಂದು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಆಫ್ ಯಾರು ಮಾಡ್ತಾರೆ?"

"ನಾನೇ," ಅಂದಳು ಗೋದಾ. ಮಿಕ್ಸಿ, ಫ್ಯಾನು, ಟಿವಿ, ಕೆಲಸ ಮುಗಿದದ್ದೇ ತಡ ಸ್ವಿಚ್ ಆರಿಸಿ ಪ್ಲಗ್ ಕೀಳುವುದು ಆ ಮನೆಯ ಶಿಸ್ತು. "ಅದೇನೋ ಹತ್ತು ಪರ್ಸೆಂಟು, ಇಪ್ಪತ್ತು ಪರ್ಸೆಂಟು ಅಂತ ತೋರಿಸ್ತಾನೇ ಇರುತ್ತಮ್ಮ. ಸುಮ್ನೆ ಕರೆಂಟ್ ಯಾಕೆ ಅಂತ ಬಟನ್ ಅದುಮಿ ಹಿಡಿದು ಆಫ್ ಮಾಡ್ಬಿಡ್ತೀನಿ."

"ಅಯ್ಯೋ ಆಂಟಿ! ಅದು ಅಪ್‌ಡೇಟ್ ಮಾಡ್ಕೋತಿರುತ್ತೆ. ನೀವು ಮಧ್ಯದಲ್ಲೇ ಕತ್ತು ಹಿಸುಕಿದ್ರೆ ಮಾರನೇ ದಿನ ಮತ್ತೆ ಮೊದಲಿಂದ..." ಅಂದವಳು ವೆಂಕಟಾಚಲನ ಕತ್ತಿನ ಬಟ್ಟೆ ಕಂಡು ನಾಲಿಗೆ ಕಚ್ಚಿಕೊಂಡಳು. ಅವನು ಪರವಾಗಿಲ್ಲ ಅನ್ನುವಂತೆ ಕೈಯಾಡಿಸಿದ.

ಅವತ್ತು ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿ ಅದರ ಪಾಡಿಗೆ ಬಿಟ್ಟರು. ಅಪ್‌ಡೇಟೆಲ್ಲ ಮುಗಿಯಿತು. ಶುರುವಾಗುವಾಗಲೇ ತಾವೂ ಏಳುವ ಪ್ರೋಗ್ರಾಂಗಳ ಪಟ್ಟಿ ತೆರೆದು ಲಾಸ್ಯಾ ಒಂದೊಂದನ್ನೇ ನಿಲ್ಲಿಸಿದಳು, ದುಡ್ಡು ಕೇಳುವ ಆ್ಯಂಟಿವೈರಸ್ಸನ್ನು ಕಿತ್ತೇ ಹಾಕಿದಳು. ಓದಿ ಹೇಳುವ ಪ್ರೋಗ್ರಾಂ ಮಾತ್ರ ಮೊದಲು ಏಳುವ ಹಾಗೆ ಮಾಡಿದಳು. "ಇನ್ಮೇಲೆ ಆಫೇ ಮಾಡ್ಬೇಡಿ ಅಂಕಲ್. ಮುಚ್ಚಳ ಮುಚ್ಚಿ ಸಾಕು, ತೆಗೆದ ತಕ್ಷಣ ಎದ್ದೇಳುತ್ತೆ." ಅವನು ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ, ಮತ್ತೆ ತೆಗೆದ. ಎಷ್ಟೋ ತಿಂಗಳ ಮೇಲೆ ಗೋದಾ ಅವನ ಹಲ್ಲು ಕಂಡಳು.

ಮಾರನೆಯ ಬೆಳಿಗ್ಗೆ ಸುಂದರಮ್ಮ ಎದ್ದು, ಕಾಫಿ ಕುಡಿದು, ಲೋಟವನ್ನು ಸರಿಯಾಗಿ ಸೊಸೆಯ ಕೈಗೇ ಕೊಟ್ಟಳು. ತಲೆ ತಿಳಿಯಾಗಿದೆ ಅನ್ನುವುದಕ್ಕೆ ಅದೇ ಗುರುತು. ವೆಂಕಟಾಚಲ ಮಂಚದ ಪಕ್ಕ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮುಚ್ಚಳ ತೆಗೆದ. ತಕ್ಷಣ ಎದ್ದಿತು. ಟೈಪ್ ಮಾಡಿಟ್ಟಿದ್ದ ಸಾಲು ಕಾಯುತ್ತಿತ್ತು. ಒತ್ತಿದ.

"ಅಮ್ಮಾ, ನಾನು ವೆಂಕಟು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ."

ದನಿ ಚೆನ್ನಾಗಿಯೇ ಇತ್ತು. ವಾರ್ತೆ ಓದುವವರ ಹಾಗೆ, ತೂಕವಾಗಿ, ಒಂದೊಂದು ಅಕ್ಷರ ಬಿಡಿಸಿ. ಸುಂದರಮ್ಮ ಬೆನ್ನು ನೆಟ್ಟಗೆ ಮಾಡಿ ಸೆರಗು ಹೊದ್ದುಕೊಂಡಳು.

"ಯಾರು ಬಂದಿರೋದು ಗೋದಾ?"

"ಇವರೇ ಅತ್ತೆ! ಮೆಷಿನ್ನಲ್ಲಿ ಮಾತಾಡ್ತಿದಾರೆ."

"ಸುಮ್ನಿರು. ನನ್ ಮಗನ ದನಿ ನಂಗೊತ್ತಿಲ್ವಾ?" ಅಂದು ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ನೀವು ಅವನ ಸ್ನೇಹಿತರಾ? ಅವನೇ ಕಳಿಸಿದ್ನಾ ನಿಮ್ಮನ್ನ?"

ವೆಂಕಟಾಚಲ ಪೆಟ್ಟಿಗೆ ಬಿಟ್ಟು ಮುಂದೆ ಬಗ್ಗಿ ಅವಳ ಕೈ ಹಿಡಿದ. ಗುರುತಿಲ್ಲದ ಗಂಡಸು ಮುಟ್ಟಿದ ಹಾಗೆ ಮುದುಕಿ ಬೆಚ್ಚಿ ಕೈ ಕಿತ್ತುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಅವನು ಮತ್ತೆ ಸ್ಟೂಲಿನ ಹತ್ತಿರ ಸರಿದ. ಅವಳ ಕತ್ತು ಆಗಲೇ ಸ್ವಲ್ಪ ವಾಲುತ್ತಿತ್ತು, ಹೊತ್ತಿರಲಿಲ್ಲ. ಅವನು ಅವಸರದಲ್ಲಿ ಟೈಪ್ ಮಾಡಿದ.

"ಹೌದಮ್ಮಾ, ನಾನು ಅವನ ಸ್ನೇಹಿತ. ಅವನಿಗೆ ಸಿಟ್ಟಿಲ್ಲವಂತೆ."

ಗೋದಾ ಬಾಯಿಗೆ ಸೆರಗು ಒತ್ತಿಕೊಂಡಳು. ಸುಂದರಮ್ಮ ತಲೆ ಅಲ್ಲಾಡಿಸಿದಳು.

"ಸಿಟ್ಟಿಲ್ದೇ ಇದ್ರೆ ನಿಮ್ ಕೈಲಿ ಯಾಕಪ್ಪ ಹೇಳಿ ಕಳಿಸ್ತಾನೆ? ಒಂದೇ ಮನೇಲಿದೀವಿ. ಅವನೇ ಬಂದು ಹೇಳ್ಲಿ." ಆಮೇಲೆ ಮನೆಯ ಮರ್ಯಾದೆ ನೆನಪಾಗಿ ಅಂದಳು, "ಗೋದಾ, ಬಂದವರಿಗೆ ಕಾಫಿ ಕೊಡು."

ಗೋದಾ ಒಳಗೆ ಹೋಗಿ ಕಾಫಿ ತಂದು ಗಂಡನ ಮುಂದಿಟ್ಟಳು. ಅವನು ಲೋಟ ಎತ್ತಿ ಕುಡಿದ. ಬಂದವರು ಕುಡಿದು ಹೊರಡಲಿ, ಮಗನನ್ನು ಕೂಗೋಣ ಅಂತ ಸುಂದರಮ್ಮ ಕಿವಿಗೊಟ್ಟು ಕಾಯುತ್ತಿದ್ದಳು.