ಹೇಮಕ್ಕನ ಒಂದು ಸಾಲು

ಹೊಸನಗರದ ಬಸ್‌ಸ್ಟ್ಯಾಂಡಿಗೆ ಬೆನ್ನು ಹಾಕಿ ನಿಂತಿರುವ ಹೇಮಕ್ಕನ ಹೊಲಿಗೆ ಅಂಗಡಿಯಲ್ಲಿ ಆ ಭಾನುವಾರ ನಾವು ನಾಲ್ವರಿದ್ದೆವು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಇಡೀ ಊರನ್ನೇ ತನ್ನ ತರಗತಿ ಎಂದು ತಿಳಿದಿರುವ ಸದಾಶಿವ ಮೇಷ್ಟ್ರು ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಒಂದು ಕಾಲದಲ್ಲಿ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಅನಂತಯ್ಯ ಬಟ್ಟೆಯ ಗಂಟಿನ ಮೇಲೆ ಕೂತಿದ್ದರು. ನನಗೆ ಹೊಸ್ತಿಲು. ಹೇಮಕ್ಕ ಸೀಮೆಎಣ್ಣೆ ಅದ್ದಿದ ಚಿಂದಿಯಿಂದ ಮಿಷನ್ನಿನ ಹೊಟ್ಟೆ ಒರೆಸುತ್ತಿದ್ದಳು. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಹೇಳಿ? ಅವಳ ಹತ್ತಿರ ಮಾತ್ರ ಯಾವ ಕಾಲದ್ದೋ ಒಂದು ಬಾಟಲಿ ಇನ್ನೂ ಇದೆ. ತುಪ್ಪದ ಹಾಗೆ ಹನಿಹನಿ ಬಳಸುತ್ತಾಳೆ.

ಅನಂತಯ್ಯ ಮೂಗು ಅರಳಿಸಿದರು. "ಇದೇ ನೋಡಿ ಮಾರಾಯ್ರೇ ನಮ್ಮ ಪ್ರೆಸ್ಸಿನ ವಾಸ್ನೆ. ಮೊಳೆ ತೊಳೆದೂ ತೊಳೆದೂ ನನ್ನ ಹೆಂಡ್ತಿ ಹತ್ರ ಕೂರ್ತಾನೇ ಇರ್ಲಿಲ್ಲ."

"ಈಗ ಕೂರ್ತಾರಾ?" ಅಂದಳು ಹೇಮಕ್ಕ.

"ಈಗ ಅವಳಿಗೆ ವಾಸ್ನೆ ಗೊತ್ತಾಗಲ್ಲ. ನಂಗೆ ಕೂರಕ್ಕೆ ಪುರುಸೊತ್ತಿಲ್ಲ."

ನಾವು ಸೇರಿದ್ದು 'ಮೂರೂರ ಮಾತು' ಎಂಬ ವಾರಪತ್ರಿಕೆಯನ್ನು ಮತ್ತೆ ಹೊರಡಿಸುವುದಕ್ಕೆ. ಮೂರೂರು ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ. ನಾನು ಹುಡುಗನಾಗಿದ್ದಾಗ ಅದು ನಾಲ್ಕೇ ಪುಟ ಬರುತ್ತಿತ್ತು. ಸಂಪಾದಕರು ಎಂದರೆ ಒಬ್ಬರೇ ಒಬ್ಬರು. ಜೋಗದಿಂದ ಮೇಗರವಳ್ಳಿಯವರೆಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೋಗಿ, ಇಳಿದಲ್ಲಿ ಚಾ ಕುಡಿದು, ಕೇಳಿದ್ದನ್ನು ಬರೆದುಕೊಂಡು ಬರುತ್ತಿದ್ದರು. ಯಾರ ಮನೆಯ ಎಮ್ಮೆ ಅವಳಿ ಹಾಕಿತು, ಯಾವ ಕಾಲುಸಂಕ ಕೊಚ್ಚಿಹೋಯಿತು, ಎಲ್ಲಿಗೆ ಹೊಸ ಡಾಕ್ಟರು ಬಂದರು, ಎಲ್ಲವೂ ಸುದ್ದಿಯೇ. ಅಚ್ಚಾದ ಕಟ್ಟುಗಳು ಹೋಗುತ್ತಿದ್ದುದೂ ಬಸ್ಸಿನಲ್ಲೇ. ಕಂಡಕ್ಟರು ತಿರುವು ತಿರುವಿನಲ್ಲಿ ಒಂದೊಂದು ಕಟ್ಟು ಎಸೆಯುತ್ತಿದ್ದ. ಒಮ್ಮೆ ಒಂದು ಕಟ್ಟು ನೇರ ಹಳ್ಳಕ್ಕೆ ಬಿದ್ದು, ಆ ಊರಿನವರು ಹಾಳೆಗಳನ್ನು ಕಂಬಳಿಯಂತೆ ಬೇಲಿಯ ಮೇಲೆ ಒಣಗಿಸಿ ಓದಿದರಂತೆ. ಈಗ ಫೋನಿನಲ್ಲಿ ಬರುವ ಸುದ್ದಿಗೆ ಅಂಥ ಮರ್ಯಾದೆ ಉಂಟೇ? ಒಬ್ಬರೇ ಮೂರು ಗುಂಪುಗಳಲ್ಲಿ ಮೂರು ಥರ ಸಾಯುತ್ತಾರೆ, ಸಂಜೆಗೆ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿರುತ್ತಾರೆ. ಇದನ್ನು ಕಂಡು ಬೇಸತ್ತೇ ಮೇಷ್ಟ್ರು ಸಂಘ ಕಟ್ಟಿದ್ದು. ಸಂಬಳ ಇಲ್ಲ, ಲಾಭ ಇಲ್ಲ, ಯಾರ ಫೋಟೋವೂ ಮೊದಲ ಪುಟದಲ್ಲಿ ಇಲ್ಲ. ಈ ಮೂರನೆಯ ನಿಯಮ ಕೇಳಿ ಐದು ಮಂದಿ ರಾಜೀನಾಮೆ ಕೊಟ್ಟರು. ಉಳಿದವರು ನಾವು.

ಹೇಮಕ್ಕ ಅಟ್ಟದ ಕೋಣೆಯನ್ನು ಕಚೇರಿಗೆ ಬಿಟ್ಟುಕೊಟ್ಟಿದ್ದಳು. ಕೀಲಿಕೈಯನ್ನು ಮೇಷ್ಟ್ರ ಕೈಗಿಟ್ಟು, ಚಿಂದಿ ಕೆಳಗಿಟ್ಟು, "ನಂದೊಂದು ಕೇಳಿಕೆ ಇತ್ತು" ಅಂದಳು.

"ಕೇಳಮ್ಮ."

"ನಾನು ಎಸ್ಸೆಲ್ಸಿ ಪಾಸಾಗಿದೀನಿ ಅಂತ ಒಂದು ಸಾಲು ಹಾಕ್ಬೇಕು."

ನಾನು ನಕ್ಕುಬಿಟ್ಟೆ. ಓದುಗ ಮಹಾಶಯರೇ, ಆ ನಗುವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಹೇಮಾವತಿಯೂ ನಾನೂ ಒಂದೇ ತರಗತಿ. ಊರೆಲ್ಲ ಹೇಮಕ್ಕ ಅನ್ನುತ್ತದೆಂದು ಓರಗೆಯವನಾದ ನಾನೂ ಹಾಗೇ ಅನ್ನುತ್ತೇನೆ. ಅವಳ ಮನೆ ಕವಲೇದುರ್ಗದ ಬುಡದಲ್ಲಿ. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು, ಪರೀಕ್ಷೆ ಮುಗಿದದ್ದೇ ಊರಿಗೆ ಹೋದಳು. ಮತ್ತೆ ಬಂದದ್ದು ಹೊಲಿಗೆ ಕಲಿಯಲು. ಅವಳು ಫೇಲು ಎಂಬುದು ಹೊಸನಗರದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಷ್ಟೇ ಯಾಕೆ, ನನ್ನ ಅಂಗಿಯ ಅಳತೆ ತೆಗೆಯುವಾಗಲೆಲ್ಲ ನಾನೇ, "ಗಣಿತದಲ್ಲಿ ಡುಮ್ಕಿ ಹೊಡೆದವಳಿಗೆ ಇಂಚು ಲೆಕ್ಕ ಹೇಗೆ ಬಂತು ಹೇಮಕ್ಕ?" ಎಂದು ಚುಡಾಯಿಸುತ್ತಿದ್ದೆ. ಅವಳು ಟೇಪಿನಿಂದ ನನ್ನ ಕತ್ತನ್ನು ಸ್ವಲ್ಪ ಬಿಗಿದು, "ಬಾಯಿ ಸುತ್ತಳತೆ ಬರ್ಕಳ್ಲಾ?" ಅನ್ನುತ್ತಿದ್ದಳು. ಅದು ನಮ್ಮಿಬ್ಬರ ತಮಾಷೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಅವಳು ಡ್ರಾಯರಿನಿಂದ ಅಂಕಪಟ್ಟಿ ತೆಗೆದಳು. ಪಾಸಾಗಿದ್ದಳು.

"ಆಗೆಲ್ಲ ನಮ್ಮ ಕಡೆ ರಿಸಲ್ಟು ಅಂದ್ರೆ ಮೂರೂರ ಮಾತು ತಾನೇ? ಪಾಸಾದವ್ರ ಹೆಸ್ರೆಲ್ಲ ಬರ್ತಿತ್ತು. ಅಪ್ಪ ಮಳೇಲಿ ರಸ್ತೆವರೆಗೆ ನಡ್ಕಂಡು ಹೋಗಿ ಪೇಪರ್ ತಂದ. ನನ್ನ ಹೆಸ್ರಿಲ್ಲ. ಅಂಕಪಟ್ಟಿ ಬರೋ ಹೊತ್ತಿಗೆ ಕಾಲೇಜಿಗೆ ಸೇರೋ ದಿನ ಮುಗ್ದಿತ್ತು. ಅಪ್ಪಂಗೆ ಅದನ್ನ ತೋರ್ಸಿದ್ರೆ, ಪೇಪರಿನವ್ರು ಓದಿದವ್ರು, ಅವ್ರು ತಪ್ಪು ಹಾಕ್ತಾರಾ ಅಂದ. ಅಪ್ಪನ ಬಿಡಿ. ಅಷ್ಟು ದಿನ ನಾನೇ ನಂಬಿದ್ದೆ ಕಣ್ರಿ. ಲೆಕ್ಕದ ಪೇಪರ್ ಕೈಕೊಡ್ತು ಅಂದ್ಕಂಡೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೇಮಾ, ಹೊಸದಾಗಿ ಶುರು ಮಾಡೋ ಪತ್ರಿಕೆ. ನಲವತ್ತು ವರ್ಷದ ಹಿಂದಿನದು ಈಗ ಸುದ್ದಿ ಆಗ್ತದಾ?"

"ಸುಳ್ಳು ಇವತ್ತಿಗೂ ಅಂಗಡಿಗೆ ಬರ್ತದಲ್ಲ ಮೇಷ್ಟ್ರೇ. ನಿನ್ನೆನೂ ಬಂದಿತ್ತು. ಪಾಪ, ಎಸ್ಸೆಲ್ಸಿ ಆಗ್ದಿದ್ರೂ ಎಷ್ಟು ಚೆಂದ ಹೊಲೀತಾಳೆ ಅಂತ ಹೊಗಳಿ ಹೋಯ್ತು."

ಆಗ ಅನಂತಯ್ಯ ಗಂಟಿನ ಮೇಲಿನಿಂದ ಎದ್ದು ನಿಂತರು. ಎದ್ದು ಎಲ್ಲಿಗೂ ಹೋಗಲಿಲ್ಲ. ಅಲ್ಲೇ ನಿಂತು, "ಆ ಸಾಲು ತೆಗ್ದವ್ನು ನಾನೇ" ಅಂದರು.

ಅವರು ಹೇಳಿದ್ದು ಇಷ್ಟು. ಹೆಸರುಗಳನ್ನು ಅಕಾರದಿಂದ ಜೋಡಿಸಿದ್ದರು. ಹಕಾರದ ಹೇಮಾವತಿ ನಮ್ಮ ಶಾಲೆಯ ಪಟ್ಟಿಯಲ್ಲಿ ಕೊನೆ. ಪುಟ ಚೌಕಟ್ಟಿನಲ್ಲಿ ಬಿಗಿದು ತಯಾರಾಗಿತ್ತು. ಅಷ್ಟರಲ್ಲಿ ಒಂದು ಅಭಿನಂದನೆಯ ಜಾಹೀರಾತು ಬಂತು, ಫೋಟೋ ಅಚ್ಚೊತ್ತುವ ಬ್ಲಾಕಿನ ಸಮೇತ. ಬೇಡ ಅನ್ನುವ ಹಾಗಿರಲಿಲ್ಲ. ತಂದವರು ಬಸ್ ಏಜೆಂಟರು, ಪತ್ರಿಕೆಯ ಕಟ್ಟುಗಳು ಹೋಗುವುದು ಅವರ ದಾಕ್ಷಿಣ್ಯದಲ್ಲಿ. "ಬ್ಲಾಕು ಕೂರ್ಲಿಲ್ಲ. ಒಂದೇ ಒಂದು ಸಾಲು ಜಾಗ ಬೇಕಿತ್ತು. ಕೊನೇದು ತೆಗಿ, ಮುಂದಿನ ವಾರ ಹಾಕಣ ಅಂದ್ರು ಸಂಪಾದಕರು. ಆ ಸಾಲನ್ನ ದಾರ ಕಟ್ಟಿ ಕಿಟಕಿ ಮೇಲೆ ಇಟ್ಟಿದ್ದೆ. ಮುಂದಿನ ವಾರ ಅವ್ರು ಹಾಸಿಗೆ ಹಿಡಿದ್ರು. ಮತ್ತೆ ಪತ್ರಿಕೆ ಬರ್ಲೇ ಇಲ್ಲ. ಮೊಳೆ ಎಲ್ಲ ತೂಕಕ್ಕೆ ಹೋಗೋವರೆಗೂ ಆ ಸಾಲು ಅಲ್ಲೇ ಇತ್ತು."

ಯಾರ ಫೋಟೋ ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಬೇಕಾಗಿಯೇ ಇರಲಿಲ್ಲ. ಬಸ್ ಏಜೆಂಟರು ನನ್ನ ಸೋದರಮಾವ. ಆ ಸಂಚಿಕೆ ಚೌಕಟ್ಟು ಹಾಕಿಸಿಕೊಂಡು ನಮ್ಮ ಜಗಲಿಯ ಗೋಡೆಯ ಮೇಲೆ ಇವತ್ತಿಗೂ ಇದೆ. ಸ್ಟುಡಿಯೋದವನ ಕೋಟು ಹಾಕಿ, ಗಂಟಲಿಗೆ ಮುಳ್ಳು ಸಿಕ್ಕಿದವನಂತೆ ನಿಂತಿರುವ ನಾನು. ಕೆಳಗೆ, 'ನಮ್ಮ ಪ್ರೀತಿಯ ಅಳಿಯ ದ್ವಿತೀಯ ದರ್ಜೆಯಲ್ಲಿ ಉತ್ತೀರ್ಣನಾಗಿರುವುದಕ್ಕೆ ಹಾರ್ದಿಕ ಅಭಿನಂದನೆಗಳು.' ದ್ವಿತೀಯ ದರ್ಜೆಗೆ ಅಭಿನಂದನೆ ಹಾಕಿಸಿಕೊಂಡವನು ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದ್ದೇನೆ.

ಮೇಷ್ಟ್ರು ಒಂದು ದಾರಿ ತೆಗೆದರು. "ತಾಂತ್ರಿಕ ಕಾರಣದಿಂದ ಬಿಟ್ಟುಹೋಗಿತ್ತು ಅಂತ ಹಾಕಿದ್ರಾಯ್ತು. ಯಾರಿಗೂ ನೋವಿಲ್ಲ." ನಾನು ಎಲ್ಲರಿಗಿಂತ ಮೊದಲು ತಲೆಯಾಡಿಸಿದೆ. ತಾಂತ್ರಿಕ ಕಾರಣ ಎನ್ನುವುದು ಎಷ್ಟು ಸಂಭಾವಿತ ಮಾತು ನೋಡಿ. ಅದಕ್ಕೆ ಕೋಟಿಲ್ಲ, ಮುಖವಿಲ್ಲ, ಮಾವನೂ ಇಲ್ಲ. ಹೇಮಕ್ಕ, "ಆಯ್ತು, ಹಾಕಿ" ಎಂದಷ್ಟೇ ಹೇಳಿ ಮಿಷನ್ನಿಗೆ ದಾರ ಪೋಣಿಸಿದಳು.

ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ಕೂತೆ. ಎಮ್ಮೆಯ ಬಗ್ಗೆ ಒಂದೂವರೆ ಪುಟ ಬರೆಯಬಲ್ಲ ನನ್ನ ಪೆನ್ನು ಎರಡು ಸಾಲಿಗೆ ಮುಷ್ಕರ ಹೂಡಿತು. ಜಗಲಿಗೆ ಹೋಗಿ ಗೋಡೆಯನ್ನು ನೋಡುವುದು, ಬಂದು ಕೂರುವುದು. ಹೆಂಡತಿ, "ಇವತ್ತೆಂತ ನಿಮ್ಮನ್ನ ನೀವೇ ಅಷ್ಟು ನೋಡ್ಕಳ್ತಾ ಇದೀರಿ?" ಅಂದಳು. ಕತೆ ಹೇಳಿದೆ. ಅವಳೂ ಎದ್ದು ಹೋಗಿ ನೋಡಿದಳು. ಪಟ್ಟಿಯ ಕೊನೆಗೂ ನನ್ನ ತಲೆಗೂ ನಡುವೆ ಕೂದಲೆಳೆಯ ಜಾಗವಿರಲಿಲ್ಲ. "ಆ ಬೂಟಾದ್ರೂ ನಿಮ್ದಾ?" ಎಂದು ಕೇಳಿ ಒಳಗೆ ಹೋದಳು. ಬೂಟೂ ಸ್ಟುಡಿಯೋದ್ದೇ.

ಮಾರನೆಯ ದಿನ ಹೀಗೆ ಬರೆದುಕೊಂಡು ಹೋದೆ: 'ತಿದ್ದುಪಡಿ. ನಮ್ಮ ಹಿಂದಿನ ಸಂಚಿಕೆಯ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಹೊಸನಗರ ಶಾಲೆಯ ಹೇಮಾವತಿಯವರ ಹೆಸರನ್ನು, ಈ ಸಾಲುಗಳನ್ನು ಬರೆಯುತ್ತಿರುವವನ ಅಭಿನಂದನೆಯ ಚಿತ್ರಕ್ಕೆ ಜಾಗ ಮಾಡಲು ತೆಗೆಯಲಾಗಿತ್ತು. ಅವರು ಉತ್ತೀರ್ಣರಾಗಿದ್ದರು.'

ಮೇಷ್ಟ್ರು ಎರಡು ಸಲ ಓದಿ ಕಾಗದವನ್ನು ಹೇಮಕ್ಕನಿಗೆ ಕೊಟ್ಟರು. ಅವಳು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಓದಿದಳು. ನಾನು ಕೈಕಟ್ಟಿ ನಿಂತಿದ್ದೆ. ಅಳುತ್ತಾಳೋ, ಬೈಯುತ್ತಾಳೋ. ಅವಳು ಸೂಜಿ ತೆಗೆದು, "ಉತ್ತೀರ್ಣ ಅಂತ ಅಷ್ಟೇ ಯಾಕೆ? ಪ್ರಥಮ ದರ್ಜೆ ಅಂತ ಹಾಕಿ. ಅಂಕಪಟ್ಟಿ ಸರಿಯಾಗಿ ನೋಡ್ಲಿಲ್ವಾ?" ಅಂದಳು.

ನೋಡಿರಲಿಲ್ಲ. ಗಣಿತದಲ್ಲಿ ನನಗಿಂತ ಇಪ್ಪತ್ತೆಂಟು ಜಾಸ್ತಿ.

ಪತ್ರಿಕೆ ಬಂತು. ಮೊದಲ ಪುಟದಲ್ಲಿ, ಮೇಷ್ಟ್ರ ಸಂಪಾದಕೀಯಕ್ಕಿಂತ ಮೇಲೆ, ಆ ತಿದ್ದುಪಡಿ. ಬಸ್ಸಿನವರು ಹಳೆಯ ವಾಡಿಕೆಯಂತೆ ಕಟ್ಟುಗಳನ್ನು ಒಯ್ದರು. ಎಸೆಯಲಿಲ್ಲ, ಕೈಗೇ ಕೊಟ್ಟರು, ಕಾಲ ಸುಧಾರಿಸಿದೆ. ಸಂಜೆ ಅಂಗಡಿಯಲ್ಲಿ ಜನವೋ ಜನ. ಹಿಂದಿನ ಬೀದಿಯ ಮುದುಕಿಯೊಬ್ಬಳು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, "ಅಲ್ಲಾ ಹೇಮಾ, ಫಸ್ಟ್ ಕ್ಲಾಸು ಬಂದವ್ಳು ಈ ಮಿಷನ್ ತುಳಿಯಕ್ಕೆ ಯಾಕೆ ಕೂತೆ?" ಎಂದು ಕೇಳಿದಳು.

"ಮತ್ತೆ ನಿಮ್ಮ ರವಿಕೆ ಯಾರು ಹೊಲೀಬೇಕಿತ್ತು ಅಜ್ಜೀ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಬಹಳ ಹೊತ್ತು ಮಿಷನ್ ತುಳಿಯಲಿಲ್ಲ. ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬೀದಿಯಲ್ಲಿ ಹಾದುಹೋಗುವ ಬಸ್ಸುಗಳನ್ನು ನೋಡುತ್ತ ಕೂತಿದ್ದಳು. ಅನಂತಯ್ಯ ಹೋಗಿ ನಾಲ್ಕು ಚಾ ತಂದರು.

ನಮ್ಮ ಜಗಲಿಯ ಗೋಡೆ ಈಗ ಖಾಲಿ. ಆ ಸಂಚಿಕೆಯನ್ನು ಕಚೇರಿಯ ಕಡತಕ್ಕೆ ಕೊಟ್ಟೆ. ನೆಂಟರು ಬಂದರೆ ತೋರಿಸುವುದಕ್ಕೆ ಏನೂ ಇಲ್ಲ, ಹಾಗಾಗಿ ಅವರ ಮಾತನ್ನೇ ಕೇಳುತ್ತೇನೆ. ಅವರೂ ಇತ್ತೀಚೆಗೆ ಪದೇ ಪದೇ ಬರುತ್ತಿದ್ದಾರೆ.

ಹೇಮಕ್ಕ ಈಗ ಪತ್ರಿಕೆಯ ಕರಡು ತಿದ್ದುತ್ತಾಳೆ. ಅವಳದೊಂದು ಕಟ್ಟಳೆ: ನಮ್ಮಲ್ಲಿ ಯಾವ ಹೆಸರಿನ ಪಟ್ಟಿಯಾದರೂ ಹಕಾರದಿಂದ ಶುರುವಾಗಿ ಅಕಾರಕ್ಕೆ ಮುಗಿಯಬೇಕು. ವ್ಯಾಕರಣ ಬಿಡದ ಸದಾಶಿವ ಮೇಷ್ಟ್ರು ಒಂದು ವಾರ ಹೊಯ್ದಾಡಿ ಒಪ್ಪಿದರು.

ಈ ವರ್ಷದ ಎಸ್ಸೆಸ್ಸೆಲ್ಸಿ ಪಟ್ಟಿ ಬಂದ ಮರುದಿನ ಮೇಗರವಳ್ಳಿ ಕಡೆಯಿಂದ ಒಬ್ಬರ ಫೋನು. ನಾವೆಲ್ಲ ಅಟ್ಟದಲ್ಲೇ ಇದ್ದೆವು. ಹೇಮಕ್ಕ ಎತ್ತಿದಳು. ಆ ಕಡೆಯ ದನಿ ನಮಗೂ ಕೇಳುವಷ್ಟು ದೊಡ್ಡದಿತ್ತು.

"ಅಮ್ಮಾ, ನಮ್ಮ ಹರ್ಷಿತಾಳ ಹೆಸ್ರು ಎಲ್ಲರಿಗಿಂತ ಮೊದ್ಲು ಬಂದಿದೆ. ಶಾಲೆಗೇ ಫಸ್ಟಾ?"

"ಫಸ್ಟ್ ಅಲ್ಲ ಅಣ್ಣಾ, ನಮ್ಮ ಪಟ್ಟಿ ಹಾಗೆ. ಆದ್ರೆ ಪಾಸಾಗಿದಾಳೆ. ಕಾಲೇಜಿಗೆ ಅರ್ಜಿ ತಂದ್ರಾ?"

"ನೋಡಣ ಅಂತ..."

"ನೋಡೋದೆಂತ? ದಿನ ಮುಗ್ದುಹೋಗ್ತದೆ. ನಾಳೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಹತ್ತು ಗಂಟೆಗೆ ನಿಂತಿರಿ. ನಾನು ಬರ್ತೀನಿ."

ಮರುದಿನ ಅಂಗಡಿ ಮುಚ್ಚಿತ್ತು. ಹೇಮಕ್ಕ ಬೆಳಗಿನ ಬಸ್ಸಿಗೆ ಹೋಗಿ, ಸಂಜೆಯ ಬಸ್ಸಿಗೆ ಬಂದಳು. ಹುಡುಗಿಗೆ ವಿಜ್ಞಾನ ವಿಭಾಗದಲ್ಲಿ ಸೀಟು ಸಿಕ್ಕಿತ್ತು.